ಜೊಲ್ಲು: ಒರೆಸುತ್ತ ಇರುವುದೋ, ಮದ್ದು ಕೊಡುವುದೋ?

ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗಾದ ಹಾನಿಯಿಂದ ಮೈಯ ಚಲನೆ ಕುಂದುವ ಸ್ಥಿತಿ) ಇರುವ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಾಗ ಮನೆಯವರು ಮೊದಲು ಹೇಳುವ ಕಷ್ಟಗಳು ಬೇರೆ. ಕತ್ತು ನಿಲ್ಲುವುದಿಲ್ಲ, ನಡೆಯುವುದಿಲ್ಲ, ಫಿಟ್ಸ್ ಬರುತ್ತದೆ, ಮಾತು ಬಂದಿಲ್ಲ. ಬಾಯಿಂದ ಸದಾ ಸುರಿಯುವ ಜೊಲ್ಲಿನ ವಿಷಯ ಬರುವುದು ಕೊನೆಗೆ, ಅದೂ ಯಾರಾದರೂ ಕೇಳಿದರೆ. ಆದರೆ ದಿನಕ್ಕೆ ಎಷ್ಟು ಅಂಗಿ ಬದಲಾಯಿಸಬೇಕು, ಗದ್ದದ ಚರ್ಮ ಚಳಿಯಲ್ಲಿ ಹೇಗೆ ಬಿರಿಯುತ್ತದೆ, ಮದುವೆಮನೆಯಲ್ಲಿ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ, ಯಾರು ಹಿಂದೆ ಸರಿಯುತ್ತಾರೆ ಎಂಬುದೆಲ್ಲ ತಾಯಿಗೆ ಗೊತ್ತು, ಅಜ್ಜಿಗೂ ಗೊತ್ತು. ಇಷ್ಟು ದೊಡ್ಡ ಕಷ್ಟಗಳ ನಡುವೆ ಇದನ್ನೇನು ಹೇಳುವುದು ಎಂದು ಅವರು ಸುಮ್ಮನಾಗುತ್ತಾರೆ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಇಂಥ ಮಕ್ಕಳನ್ನು ಸಾಕುತ್ತಿರುವ ಮನೆಗಳಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಒಂದು, ಇದಕ್ಕೆ ಮದ್ದಿನ ಗೊಡವೆ ಬೇಡ, ಸರಿಯಾಗಿ ಕೂರಿಸಿ, ಒರೆಸಿ, ನುಂಗುವುದನ್ನು ಕಲಿಸಿ, ಉಳಿದದ್ದನ್ನು ಸಹಿಸಿಕೊಳ್ಳಿ ಎಂಬುದು. ಇನ್ನೊಂದು, ಇದಕ್ಕೆ ಗುಳಿಗೆಯಿದೆ, ಇಂಜೆಕ್ಷನ್ ಇದೆ, ಶಸ್ತ್ರಚಿಕಿತ್ಸೆಯೂ ಇದೆ, ಹಳ್ಳಿಯ ಮಗು ಎಂಬ ಕಾರಣಕ್ಕೆ ಅದನ್ನು ಇವುಗಳಿಂದ ದೂರ ಇಡಬೇಡಿ ಎಂಬುದು. ಎರಡನ್ನೂ ಹೇಳುವವರು ಮಗುವಿನ ಒಳಿತನ್ನೇ ಬಯಸುವವರು. ಹಾಗಾಗಿ ಎರಡೂ ಕಡೆಯ ಮಾತನ್ನು ಪೂರ್ತಿಯಾಗಿ ಕೇಳಬೇಕು.

ಸುರಿಯುವುದು ಏಕೆ?

ನಮ್ಮ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತದೆ. ಅರಿವಿಲ್ಲದೆಯೇ ನಾವು ಅದನ್ನು ನುಂಗುತ್ತಿರುತ್ತೇವೆ. ಎಳೆಮಕ್ಕಳು ಜೊಲ್ಲು ಸುರಿಸುವುದು ಸಹಜ. ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ಎರಡು ವರ್ಷದ ಹೊತ್ತಿಗೆ ಅದು ನಿಲ್ಲುತ್ತದೆ. ನಾಲ್ಕು ವರ್ಷ ದಾಟಿದ ಮೇಲೂ ಎಚ್ಚರದಲ್ಲಿ ಸುರಿಯುತ್ತಲೇ ಇದ್ದರೆ ಕಾರಣ ಹುಡುಕಬೇಕು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಹತ್ತಕ್ಕೆ ನಾಲ್ವರಿಗೆ ಈ ತೊಂದರೆ ಇರುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲೂ, ಡೌನ್ ಸಿಂಡ್ರೋಮ್ ಇರುವವರಲ್ಲೂ ಇದು ಕಾಣುತ್ತದೆ.

ಈ ಮಕ್ಕಳಿಗೆ ಜೊಲ್ಲು ಹೆಚ್ಚು ಊರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಕೆರೆಗೆ ನೀರು ಹೆಚ್ಚು ಬಂದು ಕೋಡಿ ಬಿದ್ದದ್ದಲ್ಲ, ತೂಬು ಸರಿಯಾಗಿ ಹರಿಯದೆ ಕೋಡಿ ಬಿದ್ದದ್ದು. ತುಟಿ ಪೂರ್ತಿ ಮುಚ್ಚುವುದಿಲ್ಲ, ನಾಲಿಗೆ ಮುಂದಕ್ಕೆ ತಳ್ಳುತ್ತದೆ, ಕತ್ತು ಬಾಗಿರುತ್ತದೆ, ಗದ್ದ ನೆನೆದದ್ದು ಮಗುವಿಗೆ ತಿಳಿಯುವುದಿಲ್ಲ, ನುಂಗುವ ಕ್ರಿಯೆ ತಡವಾಗುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಮಗುವಿಗೆ, ಹಲ್ಲು ಹುಳುಕಾದ ಮಗುವಿಗೆ, ಹೊಟ್ಟೆಯ ಆಮ್ಲ ಗಂಟಲಿಗೆ ಏರುವ ಮಗುವಿಗೆ ಇದು ಇನ್ನೂ ಹೆಚ್ಚು. ಕ್ಲೋನಾಜೆಪಾಮ್, ಕ್ಲೋಬಾಜಾಮ್‌ನಂಥ ಕೆಲವು ಫಿಟ್ಸ್ ಮಾತ್ರೆಗಳೂ ಜೊಲ್ಲು ಹೆಚ್ಚಿಸುತ್ತವೆ. ಹಾಗೆಂದು ಅವನ್ನು ಮನೆಯವರೇ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಉಲ್ಬಣಿಸುತ್ತದೆ. ಡಾಕ್ಟರಿಗೆ ಹೇಳಬೇಕು.

ಹೊರಗೆ ಸುರಿಯುವ ಜೊಲ್ಲು ಕಣ್ಣಿಗೆ ಕಾಣುತ್ತದೆ. ಕೆಲವು ಮಕ್ಕಳಲ್ಲಿ ಅದು ಹಿಂದಕ್ಕೆ, ಗಂಟಲಿನ ಕಡೆಗೆ ಇಳಿದು ಶ್ವಾಸನಾಳ ಸೇರುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಉಸಿರಾಟ ಮಾತ್ರ ಗುಳುಗುಳು ಅನ್ನುತ್ತದೆ, ಊಟದ ನಡುವೆ ಕೆಮ್ಮು, ಮತ್ತೆ ಮತ್ತೆ ಎದೆ ಕಟ್ಟಿ ನಿಮೋನಿಯಾ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡದೆ ಮಾಡಿದ ಯಾವ ತೀರ್ಮಾನವೂ ಸರಿಯಾಗದು.

ಮದ್ದು ಬೇಡ ಎನ್ನುವವರ ಮಾತು

ಈ ಪಕ್ಷದ ಮೊದಲ ವಾದ, ಮಗುವಿನ ದೇಹಕ್ಕೆ ಜೊಲ್ಲು ಬೇಕು ಎಂಬುದು. ಅನ್ನ ನೆನೆಸಿ ನುಂಗಲು, ಹಲ್ಲು ಕಾಯಲು, ಬಾಯಿ ಹುಣ್ಣಾಗದಿರಲು ಅದೇ ಆಧಾರ. ಊರುವುದು ಸರಿಯಾಗಿಯೇ ಇದ್ದು ನುಂಗುವುದಷ್ಟೇ ಕುಂಟುತ್ತಿರುವಾಗ ಊರುವುದನ್ನೇ ಕಡಿಮೆ ಮಾಡುವುದು ತಪ್ಪಿರುವ ಜಾಗ ಬಿಟ್ಟು ಬೇರೆಡೆ ಕೈಹಾಕಿದಂತೆ ಎಂದು ಇವರು ಹೇಳುತ್ತಾರೆ.

ಎರಡನೆಯದು, ಮನೆಯಲ್ಲೇ ಮಾಡಬಹುದಾದ್ದು ಬಹಳಷ್ಟಿದೆ, ಅದನ್ನು ಸರಿಯಾಗಿ ಮಾಡಿ ನೋಡಿದವರು ಕಡಿಮೆ. ಎಲ್ಲಕ್ಕಿಂತ ಮುಖ್ಯ ಕೂರಿಸುವ ರೀತಿ. ಸೊಂಟ ಹಿಂದಕ್ಕೆ ಒತ್ತಿ, ಪಾದ ನೆಲಕ್ಕೋ ಹಲಗೆಗೋ ತಾಗಿ, ಮೊಣಕೈಗೆ ಆಸರೆ ಸಿಕ್ಕಿ, ತಲೆ ನೆಟ್ಟಗೆ ನಿಂತರೆ ನುಂಗುವುದು ಸುಲಭವಾಗುತ್ತದೆ. ದುಬಾರಿ ಕುರ್ಚಿಯೇ ಬೇಕೆಂದಿಲ್ಲ. ಗೋಡೆಯ ಮೂಲೆ, ಸುತ್ತಿದ ಕಂಬಳಿ, ಊರ ಬಡಗಿ ಮಾಡಿಕೊಟ್ಟ ಮೂಲೆಕುರ್ಚಿ ಸಾಕು. ಕೂಸನ್ನು ತೊಡೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗಂಜಿ ಹುಯ್ಯುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಈ ಮಕ್ಕಳಿಗೆ ಅದು ಅಪಾಯ, ಗಂಜಿಯೂ ಜೊಲ್ಲೂ ಶ್ವಾಸನಾಳಕ್ಕೆ ಇಳಿಯುತ್ತದೆ.

ಒರೆಸುವುದಕ್ಕೂ ರೀತಿಯಿದೆ. ಬಾಯಿಯ ಸುತ್ತ ಸದಾ ಉಜ್ಜುತ್ತ ಹೋದರೆ ಚರ್ಮವೂ ಸುಲಿಯುತ್ತದೆ, ಬಾಯಿಯೂ ಇನ್ನಷ್ಟು ತೆರೆಯುತ್ತದೆ. ಮಗುವಿಗೆ ಮೊದಲು ಹೇಳಿ, ಒಣ ಹತ್ತಿ ಬಟ್ಟೆಯನ್ನು ಗದ್ದದಿಂದ ಕೆಳತುಟಿಯ ಕಡೆಗೆ ಒತ್ತಿ ಹಿಡಿಯಬೇಕು. ಒದ್ದೆಯಾಗುವ ಭಾಗಕ್ಕೆ ವ್ಯಾಸಲಿನ್ ಹಚ್ಚಿದರೆ ಚರ್ಮ ಉಳಿಯುತ್ತದೆ. ಕೊರಳಿಗೆ ಕಟ್ಟುವ ಬಟ್ಟೆ ಎರಡು ಪದರ ಇರಲಿ, ಒದ್ದೆಯಾದೊಡನೆ ಬದಲಾಗಲಿ. ಹತ್ತು ವರ್ಷದ ಹುಡುಗನಿಗೆ ಎಳೆಕೂಸಿನ ಬಟ್ಟೆ ಕಟ್ಟುವ ಬದಲು ಅವನ ವಯಸ್ಸಿಗೆ ಒಪ್ಪುವ ಕರ್ಚೀಫು, ಟವೆಲ್ಲು ಸಾಕು. ಹೊರಗೆ ಹೋದ ನೀರಿಗೆ ಬದಲಾಗಿ ಕುಡಿಯಲು ಹೆಚ್ಚು ಕೊಡಬೇಕು, ಬಾಯಾರಿಕೆ ಹೇಳಲಾರದ ಮಗು ಬಾಯಿ ತುಂಬ ಜೊಲ್ಲಿದ್ದರೂ ಒಳಗೆ ಒಣಗುತ್ತಿರಬಹುದು. ಮಾತು ಅರ್ಥವಾಗುವ ಮಕ್ಕಳಿಗೆ, 'ನುಂಗು, ಒರೆಸಿಕೊ' ಎಂದು ಬರೆಯುವ ಮೊದಲು, ಮಾತಾಡುವ ಮೊದಲು ನೆನಪಿಸುತ್ತ ಅಭ್ಯಾಸ ಮಾಡಿಸಬಹುದು. ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿದರೆ ಕೆಲವರು ತಾವೇ ಒರೆಸಿಕೊಳ್ಳಲು ಕಲಿಯುತ್ತಾರೆ. ಮೂಗು, ಹಲ್ಲು, ಹೊಟ್ಟೆಯ ತೊಂದರೆಗೆ ಚಿಕಿತ್ಸೆ ಕೊಡಿಸಿದರೇ ಕೆಲವು ಮಕ್ಕಳಲ್ಲಿ ಜೊಲ್ಲು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಮೂರನೆಯ ವಾದ ಈ ಭಾಗಕ್ಕೆ ಹೆಚ್ಚು ಒಪ್ಪುತ್ತದೆ. ಜೊಲ್ಲು ತಗ್ಗಿಸುವ ಗುಳಿಗೆಗಳು ಬೆವರನ್ನೂ ತಗ್ಗಿಸುತ್ತವೆ. ಶಿವರಾತ್ರಿ ಕಳೆದ ಮೇಲೆ ಕೊಳ್ಳೇಗಾಲದ ಬಯಲಿನಲ್ಲಿ, ಶೀಟು ಹೊದೆಸಿದ ಮನೆಯೊಳಗೆ, ಬೆವರದ ಮಗುವಿನ ಮೈ ಬಿಸಿ ಏರಿದರೆ ಗುರುತಿಸುವವರು ಯಾರು? ಓಡಾಡದ ಮಕ್ಕಳಿಗೆ ಮಲಬದ್ಧತೆ ಮೊದಲೇ ಇರುತ್ತದೆ, ಗುಳಿಗೆ ಅದನ್ನು ಹೆಚ್ಚಿಸುತ್ತದೆ. ಮೂತ್ರ ಕಟ್ಟಬಹುದು, ಕಣ್ಣು ಮಂಜಾಗಬಹುದು, ಮಗು ಕಿರಿಕಿರಿಗೊಂಡು ರಾತ್ರಿಯೆಲ್ಲ ಎದ್ದಿರಬಹುದು. ಜೊಲ್ಲು ಮಂದವಾಗಿ ಕಫದಂತೆ ಗಂಟಲಲ್ಲಿ ಅಂಟಿಕೊಂಡರೆ ಮೊದಲಿಗಿಂತ ಕಷ್ಟ. ತನಗೇನಾಗುತ್ತಿದೆ ಎಂದು ಹೇಳಲಾರದ ಮಗುವಿಗೆ ಇಂಥ ಮದ್ದು ಕೊಡುವಾಗ ಹಿಂಜರಿಯುವುದೇ ವಿವೇಕ ಎಂದು ಇವರ ವಾದ.

ಕೊನೆಯ ವಾದ ಮಗುವನ್ನು ಬಿಟ್ಟು ಉಳಿದವರನ್ನು ನೋಡುತ್ತದೆ. ಜೊಲ್ಲಿನಿಂದ ಬಹಳ ಸಲ ಕಸಿವಿಸಿಗೊಳ್ಳುವವರು ಸುತ್ತಲಿನವರು. ಎಂಜಲೆಂಬ ಹೇಸಿಗೆ ನಮ್ಮಲ್ಲಿ ಆಳವಾಗಿದೆ. ಅವರ ಹೇಸಿಗೆ ಕಳೆಯಲು ಮಗು ಗುಳಿಗೆ ನುಂಗಬೇಕೆ? ನೋಡುವವರೇ ಬದಲಾಗಲಿ ಎಂಬ ಈ ಮಾತಿನಲ್ಲಿ ನ್ಯಾಯವಿದೆ.

ಚಿಕಿತ್ಸೆ ಬೇಕು ಎನ್ನುವವರ ಮಾತು

ಇನ್ನೊಂದು ಪಕ್ಷ ಇದಕ್ಕೆ ನೇರ ಉತ್ತರ ಕೊಡುತ್ತದೆ. ಊರು ಬದಲಾಗಲಿ ಎಂದು ಹೇಳುವುದು ಸುಲಭ, ಊರು ಬದಲಾಗುವ ಹೊತ್ತಿಗೆ ಮಗುವಿನ ಬಾಲ್ಯ ಮುಗಿದಿರುತ್ತದೆ. ಆರು ವರ್ಷದ ಹುಡುಗಿ ಅಂಗನವಾಡಿ ಬಿಟ್ಟು ಶಾಲೆಗೆ ಹೋಗುವ ವಯಸ್ಸು ಒಮ್ಮೆ ಮಾತ್ರ ಬರುತ್ತದೆ. ಪುಸ್ತಕದ ಮೇಲೆ ಜೊಲ್ಲು ಬೀಳುತ್ತದೆ, ಪಕ್ಕದ ಮಗು ದೂರ ಕೂರುತ್ತದೆ, ಮೇಡಂ ತಾಯಿಗೆ ಹೇಳಿ ಕಳಿಸುತ್ತಾರೆ, ವಾರ ಕಳೆಯುವುದರೊಳಗೆ ಮಗು ಮನೆಯಲ್ಲೇ ಉಳಿಯುತ್ತದೆ. ಹದಿಹರೆಯದ ಮಕ್ಕಳಿಗೆ ತಮ್ಮ ಬಾಯಿ ಸುರಿಯುತ್ತಿದೆ ಎಂಬ ಅರಿವು ಚೆನ್ನಾಗಿಯೇ ಇರುತ್ತದೆ. ಬುದ್ಧಿ ಚುರುಕಾಗಿದ್ದು ಮಾತು ಮಾತ್ರ ತೊದಲುವ ಹುಡುಗನನ್ನು ಜನ ದಡ್ಡನೆಂದು ತಿಳಿಯುವುದು ಬಹಳ ಸಲ ಅವನ ಗದ್ದವನ್ನು ನೋಡಿ. ಸಹಿಸಿಕೊ ಎಂದು ಅವನಿಗೆ ಹೇಳುವ ಹಕ್ಕು ನಮಗೆ ಯಾರು ಕೊಟ್ಟರು?

ಎರಡನೆಯದಾಗಿ, ಇದು ಮುಖದ ಅಂದದ ಪ್ರಶ್ನೆಯಷ್ಟೇ ಅಲ್ಲ. ಸದಾ ಒದ್ದೆಯಿರುವ ಚರ್ಮದಲ್ಲಿ ಹುಣ್ಣಾಗುತ್ತದೆ, ಕೀವು, ಬೂಷ್ಟು ಸೇರುತ್ತದೆ. ಹಿಂದಕ್ಕೆ ಇಳಿಯುವ ಜೊಲ್ಲು ಶ್ವಾಸಕೋಶವನ್ನು ಹಾಳುಮಾಡುತ್ತದೆ. ತೀವ್ರ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಪ್ರಾಣಕ್ಕೆ ಎರವಾಗುವ ಕಾರಣಗಳಲ್ಲಿ ಶ್ವಾಸಕೋಶದ ಸೋಂಕು ಮುಂಚೂಣಿಯಲ್ಲಿದೆ. ಅಂಥ ಮಗುವಿಗೆ ಒರೆಸುವ ಬಟ್ಟೆಯಿಂದ ಏನೂ ಆಗದು.

ಮೂರನೆಯದು, ಮದ್ದುಗಳು ಹೊಸವೂ ಅಲ್ಲ, ಊಹೆಯವೂ ಅಲ್ಲ. ಗ್ಲೈಕೊಪೈರೊಲೇಟ್ ದ್ರಾವಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ 3ರಿಂದ 16 ವರ್ಷದ, ನರಸಂಬಂಧಿ ತೊಂದರೆಯಿರುವ ಮಕ್ಕಳ ಜೊಲ್ಲಿಗೆಂದೇ ಅನುಮತಿ ಕೊಟ್ಟಿತು. ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಸೆರೆಬ್ರಲ್ ಪಾಲ್ಸಿ ಮಾರ್ಗಸೂಚಿಯೂ ಇಂಥ ಔಷಧಿಗಳನ್ನು ಪರಿಗಣಿಸಿ ಎನ್ನುತ್ತದೆ. ಟ್ರೈಹೆಕ್ಸಿಫೆನಿಡಿಲ್ ಹಳೆಯ, ಅಗ್ಗದ ಗುಳಿಗೆ. ಮೈ ತಾನಾಗಿ ತಿರುಚಿಕೊಳ್ಳುವ ಬಗೆಯ ಸೆರೆಬ್ರಲ್ ಪಾಲ್ಸಿಯಲ್ಲಿ ತಜ್ಞರು ಅದನ್ನು ಬಳಸುತ್ತಾರೆ. ಎರಡನ್ನೂ ಕಡಿಮೆ ಪ್ರಮಾಣದಿಂದ ಶುರುಮಾಡಿ ವಾರಗಳ ಅಂತರದಲ್ಲಿ ಏರಿಸುತ್ತಾರೆ, ತೊಂದರೆ ಕಂಡರೆ ಇಳಿಸುತ್ತಾರೆ. ಬಾಯಿ ಪೂರ್ತಿ ಒಣಗಬೇಕೆಂಬ ಉದ್ದೇಶ ಯಾರಿಗೂ ಇಲ್ಲ. ಗುಳಿಗೆಯ ಪರಿಣಾಮ ಕೆಲವೇ ಗಂಟೆಗಳದು, ಹಾಗಾಗಿ ಶಾಲೆಯ ಹೊತ್ತಿಗೆ ಹೊಂದುವಂತೆ ಕೊಡುವುದೂ ಸಾಧ್ಯ. ಬೇಡವೆನಿಸಿದರೆ ಡಾಕ್ಟರ ಮಾತಿನಂತೆ ನಿಲ್ಲಿಸಬಹುದು.

ಗುಳಿಗೆ ಒಗ್ಗದವರಿಗೆ ಬೊಟಾಕ್ಸ್ ಇಂಜೆಕ್ಷನ್ ಇದೆ. ಕೆನ್ನೆಯ ಮತ್ತು ದವಡೆಯ ಕೆಳಗಿನ ಜೊಲ್ಲಿನ ಗ್ರಂಥಿಗಳಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುತ್ತಾರೆ. ವಾರ ಎರಡು ವಾರದಲ್ಲಿ ಗುಣ ಕಾಣುತ್ತದೆ, ಹೆಚ್ಚಾಗಿ ಮೂರರಿಂದ ಆರು ತಿಂಗಳು ನಿಲ್ಲುತ್ತದೆ. ಬೆವರಿನ ಮೇಲೆ, ಕರುಳಿನ ಮೇಲೆ ಗುಳಿಗೆಯಷ್ಟು ಪರಿಣಾಮವಿಲ್ಲ. ಆದರೆ ಚಿಕ್ಕ ಮಕ್ಕಳಿಗೆ ಅರಿವಳಿಕೆ ಬೇಕಾಗುತ್ತದೆ, ಔಷಧಿ ಪಕ್ಕದ ಸ್ನಾಯುಗಳಿಗೆ ಹರಡಿದರೆ ಕೆಲ ದಿನ ನುಂಗುವುದೇ ಕಷ್ಟವಾಗಬಹುದು, ಮತ್ತೆ ಮತ್ತೆ ಕೊಡಿಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ನಾಳವನ್ನು ಕಟ್ಟುತ್ತಾರೆ, ಬಾಯಿಯ ಹಿಂಭಾಗಕ್ಕೆ ತಿರುಗಿಸುತ್ತಾರೆ ಅಥವಾ ಗ್ರಂಥಿಯನ್ನೇ ತೆಗೆಯುತ್ತಾರೆ. ಅದರ ಫಲ ಹೆಚ್ಚು ಕಾಲ ಉಳಿಯುತ್ತದೆ, ಹಲ್ಲು ಹುಳುಕಾಗುವ ಭಯವೂ ಉಳಿಯುತ್ತದೆ. ಹಿಂದಕ್ಕೆ ಇಳಿದು ಎದೆ ಸೇರುವ ಜೊಲ್ಲಿರುವ ಮಗುವಿಗೆ ನಾಳ ತಿರುಗಿಸುವುದು ಸಲ್ಲದು.

ಪುರಾವೆ ಯಾರ ಕಡೆ?

ಎರಡೂ ಪಕ್ಷಗಳು ವಿಜ್ಞಾನ ತಮ್ಮ ಕಡೆಗಿದೆ ಎನ್ನುತ್ತವೆ. ಸೆರೆಬ್ರಲ್ ಪಾಲ್ಸಿ ಮಕ್ಕಳ ಜೊಲ್ಲಿನ ಚಿಕಿತ್ಸೆಗಳ ಬಗ್ಗೆ 2012ರಲ್ಲಿ ಬಂದ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಿಶೀಲನೆ ಇಬ್ಬರಿಗೂ ಪೂರ್ತಿ ಸಮಾಧಾನ ಕೊಡುವುದಿಲ್ಲ. ಅದರ ಕಟ್ಟುನಿಟ್ಟಾದ ಜರಡಿಯಲ್ಲಿ ಉಳಿದ ಪ್ರಯೋಗಗಳು ಆರೇ ಆರು. ನಾಲ್ಕು ಬೊಟಾಕ್ಸ್ ಬಗ್ಗೆ, ಎರಡು ಔಷಧಿಗಳ ಬಗ್ಗೆ. ಔಷಧಿ ಮತ್ತು ಇಂಜೆಕ್ಷನ್‌ನಿಂದ ಜೊಲ್ಲು ಕಡಿಮೆಯಾದದ್ದು ಕಂಡಿತು. ಯಾವುದು ಹೆಚ್ಚು ಒಳ್ಳೆಯದು, ಎಷ್ಟು ಕಾಲ ಸುರಕ್ಷಿತ ಎಂದು ಹೇಳುವಷ್ಟು ಪುರಾವೆ ಸಿಗಲಿಲ್ಲ. ಕೂರಿಸುವ ರೀತಿ, ತುಟಿ ನಾಲಿಗೆಯ ವ್ಯಾಯಾಮ, ನೆನಪಿಸಿ ನುಂಗಿಸುವ ಅಭ್ಯಾಸ ಇವುಗಳ ಮೇಲೆ ಆ ಮಟ್ಟದ ಪ್ರಯೋಗ ಒಂದೂ ಅದರಲ್ಲಿ ಸೇರಲಿಲ್ಲ.

ಇದನ್ನು ಓದಿ ಮದ್ದಿನ ಪಕ್ಷದವರು ಮನೆಯ ವಿಧಾನಗಳಿಗೆ ಆಧಾರವೇ ಇಲ್ಲ ಎಂದರೆ ಅದು ಅನ್ಯಾಯ. ಪರೀಕ್ಷೆ ಆಗಿಲ್ಲದ್ದು ಸೋತದ್ದಲ್ಲ. ಬಟ್ಟೆಯನ್ನೂ ಕುರ್ಚಿಯನ್ನೂ ಪರೀಕ್ಷಿಸಲು ದುಡ್ಡು ಹಾಕುವ ಔಷಧ ಕಂಪನಿ ಇರುವುದಿಲ್ಲ. ಅದೇ ರೀತಿ, ಮನೆಯ ವಿಧಾನದವರು ಇದರಿಂದ ಎಲ್ಲ ಮಕ್ಕಳಿಗೂ ಗುಣವಾಗುತ್ತದೆ ಎಂದು ಮಾತು ಕೊಡುವಂತಿಲ್ಲ. ಮಾತು ಅರ್ಥವಾಗದ, ತಲೆ ನಿಲ್ಲದ ಮಗುವಿಗೆ 'ನುಂಗು' ಎಂದು ವರ್ಷಗಟ್ಟಲೆ ಹೇಳಿದರೆ ದಣಿಯುವುದು ತಾಯಿ ಮಾತ್ರ. ಫಲ ಬರದಾಗ, ನೀನು ಸರಿಯಾಗಿ ಮಾಡಿಸಲಿಲ್ಲ ಎಂಬ ದೂರೂ ಅವಳ ತಲೆಗೇ ಬರುತ್ತದೆ. ಈ ವಿಧಾನಗಳ ಬಹುದೊಡ್ಡ ದೋಷ ಇದೇ. ದುಡ್ಡಿನ ಖರ್ಚು ಕಡಿಮೆ, ಹೆಂಗಸರ ದುಡಿಮೆಯ ಖರ್ಚು ಅಪಾರ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಗ್ಗೆ ಕೂಲಿಗೋ ರೇಷ್ಮೆ ಕೆಲಸಕ್ಕೋ ಹೋಗಬೇಕಾದ ತಾಯಿ ಹತ್ತು ಬಟ್ಟೆ ಒಗೆದು, ಗಂಟೆಗೊಮ್ಮೆ ಒರೆಸಿ, ದಿನಕ್ಕೆ ಮೂರು ಬಾರಿ ವ್ಯಾಯಾಮ ಮಾಡಿಸಬೇಕು ಎಂದು ಹೇಳುವುದು ಸುಲಭ.

ದಾರಿಯ ಪ್ರಶ್ನೆ

ಬೆಂಗಳೂರಿನ ಮಗುವಿಗೆ ಸರಿಯಾದ ತೀರ್ಮಾನ ಹನೂರಿನ ಮಗುವಿಗೆ ಸರಿಯಾಗದಿರಬಹುದು. ಕೊಳ್ಳೇಗಾಲದಿಂದ ಮೈಸೂರಿಗೆ 60 ಕಿ.ಮೀ.ಗೂ ಹೆಚ್ಚು. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೇ ಸುಮಾರು 80 ಕಿ.ಮೀ. ಬೆಟ್ಟದ ಸುತ್ತಿನ ಕಾಡಂಚಿನ ಹಳ್ಳಿಗಳಿಂದ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸಿನ ಖರ್ಚು ತಪ್ಪಿದೆ. ಕತ್ತು ನಿಲ್ಲದ ಹತ್ತು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು, ತುಂಬಿದ ಬಸ್ಸು ಹತ್ತಿ ಇಳಿದು, ಮರಳಿ ಬರುವ ಕಷ್ಟ ತಪ್ಪಿಲ್ಲ. ಆ ದಿನದ ಕೂಲಿಯೂ ಹೋಗುತ್ತದೆ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದ ಮಧ್ಯದಲ್ಲಿ ಹುಟ್ಟಿದ ಈ ಕೇಂದ್ರ ಸರ್ಕಾರದ ಸಂಸ್ಥೆ ಮಾತು, ಕೇಳುವಿಕೆಯ ಜೊತೆಗೆ ನುಂಗುವ ತೊಂದರೆಗಳನ್ನೂ ನೋಡುತ್ತದೆ. ಅದರ ಸೇವಾ ಕೇಂದ್ರವೊಂದು ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನಡೆದಿದೆ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು, ಅವರೂ ಅಂಗವಿಕಲರೇ ಆಗಿರುತ್ತಾರೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯನ್ನೂ ಸೇರಿಸಿ, ರಕ್ಷಣೆಯಿದೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಕೊಟ್ಟು ಪಡೆಯಬೇಕು ಎಂಬುದು ಬಡವರಿಗೆ ಅದರ ತೊಡಕು.

ಈ ವ್ಯವಸ್ಥೆಗಳಲ್ಲಿ ಎಲ್ಲವೂ ಎಲ್ಲ ಹಳ್ಳಿಗೂ ಮುಟ್ಟಿದೆ ಎಂದು ಯಾರೂ ಹೇಳಲಾರರು. ಮದ್ದು ಬೇಡ ಎನ್ನುವವರ ಅತ್ಯಂತ ಬಲವಾದ ವಾದ ಹುಟ್ಟುವುದು ಇಲ್ಲಿಯೇ. ಮೂರು ತಿಂಗಳಿಗೊಮ್ಮೆ ಡಾಕ್ಟರನ್ನು ಕಾಣುವ ಮಗುವಿಗೆ ವಾರವಾರ ಏರಿಸುವ ಗುಳಿಗೆ ಕೊಡುವುದು ಹೇಗೆ?

ಇದಕ್ಕೆ ಉತ್ತರ ಯಳಂದೂರಿನ ನೆಲದಲ್ಲೇ ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಎಂದರೆ ಅವರ ಹಾಡಿಗಳಿಗೆ, ನಡೆದು ಹೋದರು. 1986ರಲ್ಲಿ ಅವರೇ ಹುಟ್ಟುಹಾಕಿದ ಕರುಣಾ ಟ್ರಸ್ಟ್ ಯಳಂದೂರಿನಲ್ಲಿ ಮೊದಲು ಕೈಹಾಕಿದ್ದು ಕುಷ್ಠರೋಗಕ್ಕೆ. ತಿಂಗಳುಗಟ್ಟಲೆ ಗುಳಿಗೆ ನುಂಗಬೇಕಾದ, ಊರು ದೂರವಿಡುತ್ತಿದ್ದ ರೋಗ ಅದು. ಅದಾದ ಮೇಲೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದೇ ತಾಲ್ಲೂಕಿನಲ್ಲಿ ಸುಮಾರು 65,000 ಜನರ ನಡುವೆ ಫಿಟ್ಸ್ ರೋಗಿಗಳನ್ನು ಹುಡುಕಿ, ಫೀನೊಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಗುಳಿಗೆಗಳನ್ನು ಕೊಟ್ಟು ವರ್ಷಗಳ ಕಾಲ ಹಿಂಬಾಲಿಸಿದರು. ಅದರ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯಳಂದೂರು ಅಧ್ಯಯನ ಎಂಬ ಹೆಸರಿನಲ್ಲೇ ಬಂತು. ಕಡಿಮೆ ಬೆಲೆಯ ಮದ್ದಿನಿಂದ ಹಳ್ಳಿಯಲ್ಲೇ ಫಿಟ್ಸ್ ಹತೋಟಿಗೆ ತರಬಹುದೆಂದು ಅದು ತೋರಿಸಿತು. ಅಡ್ಡಪರಿಣಾಮವಿಲ್ಲದ ಗುಳಿಗೆಗಳಲ್ಲ ಅವು. ಊರಲ್ಲಿ ವಿಚಾರಿಸಿಕೊಳ್ಳುವವರಿದ್ದರು, ಆದ್ದರಿಂದ ಕೆಲಸ ನಡೆಯಿತು.

ಫಿಟ್ಸ್‌ಗೂ ಜೊಲ್ಲಿಗೂ ವ್ಯತ್ಯಾಸವಿದೆ ಎಂಬುದು ನಿಜ. ಫಿಟ್ಸ್‌ಗೆ ಚಿಕಿತ್ಸೆ ಬೇಕೆ ಎಂದು ಯಾರೂ ಕೇಳುವುದಿಲ್ಲ, ಜೊಲ್ಲಿಗೆ ಕೇಳಲೇಬೇಕು. ಆದರೆ ಹಳ್ಳಿಯಲ್ಲಿ ಇಂಥ ಮದ್ದು ಕೊಡುವುದು ಆಗದ ಮಾತು ಎಂಬ ವಾದ ಈ ತಾಲ್ಲೂಕಿನ ಅನುಭವದ ಮುಂದೆ ನಿಲ್ಲುವುದಿಲ್ಲ. ಸಾಧ್ಯ, ಆದರೆ ಒಂಟಿ ತಾಯಿಯ ಕೈಗೆ ಚೀಟಿ ಕೊಟ್ಟು ಕಳಿಸಿದರೆ ಸಾಧ್ಯವಿಲ್ಲ.

ಶಾಲೆಯ ಬಾಗಿಲು

ಯಾವ ಪಕ್ಷ ಗೆದ್ದರೂ ಶಾಲೆಯ ಪ್ರಶ್ನೆ ಉಳಿಯುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕು ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಮನೆಯವರು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಜೊಲ್ಲು ನಿಲ್ಲಿಸಿಕೊಂಡು ಬನ್ನಿ ಎಂಬ ಷರತ್ತು ಆ ಕಾನೂನಿನಲ್ಲಿ ಇಲ್ಲ. ಜೊಲ್ಲಿನಿಂದ ಸೆರೆಬ್ರಲ್ ಪಾಲ್ಸಿ ಅಂಟುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಲು ಮೇಡಮ್ಮಿಗೆ ಐದು ನಿಮಿಷ ಸಾಕು. ಬೆಂಚಿನ ಮೇಲೊಂದು ಪ್ಲಾಸ್ಟಿಕ್ ಹಾಳೆ, ಚೀಲದಲ್ಲಿ ನಾಲ್ಕು ಒಣ ಬಟ್ಟೆ, ಒದ್ದೆಯದಕ್ಕೆ ಬೇರೆ ಚೀಲ, ಒರೆಸಿಕೊಳ್ಳಲು ನೆನಪಿಸುವ ಒಬ್ಬ ಗೆಳತಿ. ಇಷ್ಟು ಏರ್ಪಾಡಾದರೆ ಕೆಲವು ಮಕ್ಕಳಿಗೆ ಗುಳಿಗೆಯ ಅಗತ್ಯವೇ ಬಾರದು. ಇಷ್ಟೆಲ್ಲ ಮಾಡಿದ ಮೇಲೂ, ನನಗೆ ಇದು ನಿಲ್ಲಬೇಕು ಎಂದು ಮಗುವೇ ಹೇಳಿದರೆ, ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ, ಆ ಮಾತಿಗೆ ನಮ್ಮ ತತ್ವಗಳಿಗಿಂತ ಹೆಚ್ಚು ತೂಕವಿರಬೇಕು.

ಹಾಗಾದರೆ ಏನು ಮಾಡುವುದು?

ಎರಡೂ ವಾದಗಳನ್ನು ತೂಗಿದ ಮೇಲೆ ನನ್ನ ಅಭಿಪ್ರಾಯ ಹೀಗೆ. ಎಷ್ಟು ಜೊಲ್ಲು ಸುರಿಯುತ್ತದೆ ಎಂಬುದರಿಂದ ಚಿಕಿತ್ಸೆ ನಿರ್ಧಾರವಾಗಬಾರದು, ಅದರಿಂದ ಮಗುವಿಗೆ ಏನಾಗುತ್ತಿದೆ ಎಂಬುದರಿಂದ ಆಗಬೇಕು. ಎದೆ ಕಟ್ಟುತ್ತಿದ್ದರೆ, ಉಸಿರು ಗುಳುಗುಳು ಅನ್ನುತ್ತಿದ್ದರೆ, ನಿಮೋನಿಯಾ ಮರುಕಳಿಸುತ್ತಿದ್ದರೆ ಕಾಯುವ ಮಾತೇ ಇಲ್ಲ, ದೊಡ್ಡ ಆಸ್ಪತ್ರೆಯ ಪರೀಕ್ಷೆ ಬೇಕು. ಚರ್ಮ ಹುಣ್ಣಾಗುತ್ತಿದ್ದರೆ, ಶಾಲೆ ತಪ್ಪುತ್ತಿದ್ದರೆ, ಮಗು ತಾನೇ ನೊಂದುಕೊಳ್ಳುತ್ತಿದ್ದರೆ, ತಾಯಿಯ ದಿನವೆಲ್ಲ ಇದರಲ್ಲೇ ಸವೆಯುತ್ತಿದ್ದರೆ ಮೊದಲು ಕೂರಿಸುವ ರೀತಿ, ಮೂಗು, ಹಲ್ಲು, ಫಿಟ್ಸ್ ಮಾತ್ರೆ ಇವನ್ನೆಲ್ಲ ಸರಿಪಡಿಸಿ ಎರಡು ಮೂರು ತಿಂಗಳು ನೋಡಬೇಕು. ಆಮೇಲೂ ಆಗದಿದ್ದರೆ ಗುಳಿಗೆಯನ್ನು ನಾಚಿಕೆಯಿಲ್ಲದೆ ಕೇಳಬೇಕು. ಈ ಅವಧಿಗೆ ಕೊನೆಯಿರಬೇಕು, ವರ್ಷಗಟ್ಟಲೆ ಎಳೆಯಬಾರದು. ಮಗು ಆರಾಮವಾಗಿದ್ದು ನೆಂಟರಿಗಷ್ಟೇ ಕಸಿವಿಸಿಯಾದರೆ ಮದ್ದು ಬೇಡ, ನೆಂಟರಿಗೆ ತಿಳಿಹೇಳಿದರೆ ಸಾಕು.

ಗುಳಿಗೆ ಶುರುಮಾಡುವುದಾದರೆ ಬೇಸಗೆಯ ತುದಿಯಲ್ಲಿ ಶುರುಮಾಡುವುದಕ್ಕಿಂತ ಮಳೆ ಹಿಡಿದ ಮೇಲೆ ಶುರುಮಾಡುವುದು ಒಳ್ಳೆಯದು. ವಾರಕ್ಕೊಮ್ಮೆಯಾದರೂ ಒಬ್ಬರು ಮನೆಗೆ ಬಂದು ನಾಲ್ಕು ಪ್ರಶ್ನೆ ಕೇಳಬೇಕು. ಕೂಸು ದಿನಾ ಹೊರಗೆ ಹೋಗುತ್ತಿದೆಯೆ? ಮೂತ್ರ ಸರಿಯಿದೆಯೆ? ಮೈ ಬಿಸಿಯಾಗಿ ಬೆವರದೆ ಇತ್ತೆ? ನಿದ್ದೆ ಮತ್ತು ಸ್ವಭಾವ ಬದಲಾಯಿತೆ? ಇದಕ್ಕೆ ತಜ್ಞರೇ ಬೇಕಿಲ್ಲ. ಆಶಾ ಕಾರ್ಯಕರ್ತೆಗೋ ಪುನರ್ವಸತಿ ಕಾರ್ಯಕರ್ತರಿಗೋ ಒಂದು ದಿನದ ತರಬೇತಿ, ಒಂದು ಹಾಳೆ ಮತ್ತು ಫೋನ್ ಎತ್ತುವ ಡಾಕ್ಟರೊಬ್ಬರು ಸಾಕು. ಮದ್ದು ಬೇಡವೆಂದು ತೀರ್ಮಾನಿಸಿದ ಮನೆಗೂ ಇದೇ ಭೇಟಿ ಬೇಕು: ಕುರ್ಚಿ ಮಗುವಿನ ಅಳತೆಗೆ ಇನ್ನೂ ಸರಿಯಿದೆಯೆ, ಚರ್ಮ ಹೇಗಿದೆ, ಊಟದಲ್ಲಿ ಕೆಮ್ಮುತ್ತದೆಯೆ, ತಾಯಿ ಹೇಗಿದ್ದಾಳೆ ಎಂದು ಕೇಳಲು. ನೋಡಿಕೊಳ್ಳುವವರಿಲ್ಲದೆ ಮದ್ದು ಕೊಡುವುದು ಎಷ್ಟು ತಪ್ಪೋ, ನೋಡಿಕೊಳ್ಳುವವರಿಲ್ಲದೆ ಸಹಿಸಿಕೊಳ್ಳಿ ಎನ್ನುವುದೂ ಅಷ್ಟೇ ತಪ್ಪು.

ಎರಡು ಪಕ್ಷಗಳ ಜಗಳ ತಜ್ಞರ ಸಭೆಗಳಲ್ಲಿ ಇನ್ನೂ ಬಹಳ ಕಾಲ ನಡೆಯಲಿ, ಅದರಿಂದ ಒಳ್ಳೆಯದೇ. ಹನೂರಿನ, ಕೊಳ್ಳೇಗಾಲದ, ಯಳಂದೂರಿನ ಮನೆಗಳಿಗೆ ಈಗ ಬೇಕಾದದ್ದು ಎರಡು ದಾರಿಯೂ ತೆರೆದಿರುವುದು. ಬರಿಯ ಒರೆಸುವುದೊಂದೇ ದಾರಿ ಸಿಕ್ಕಿದ ತಾಯಿ ಅದನ್ನು ಆರಿಸಿಕೊಂಡಳು ಎನ್ನಲಾಗದು. ಕುರ್ಚಿ, ಥೆರಪಿ, ಗುಳಿಗೆ, ಇಂಜೆಕ್ಷನ್ ಏನೇನು ಮಾಡಬಲ್ಲವು, ಏನೇನು ಕೆಡಿಸಬಲ್ಲವು ಎಂದು ತಿಳಿದ ಮೇಲೂ ಅವಳು, ನಮ್ಮ ಮಗುವಿಗೆ ಬಟ್ಟೆಯೇ ಸಾಕು ಎಂದರೆ ಅದು ಆಯ್ಕೆ. ಅಷ್ಟು ತಿಳಿಸಿ ಹೇಳುವ ಒಬ್ಬ ಕಾರ್ಯಕರ್ತೆಯನ್ನು ಮನೆಬಾಗಿಲಿಗೆ ಕಳಿಸುವುದು ಆರೋಗ್ಯ ಇಲಾಖೆಯ ಕೈಲಾಗದ ಕೆಲಸವೇನಲ್ಲ, ಅದನ್ನು ಕೇಳುವ ಹಕ್ಕು ಈ ಮೂರು ತಾಲ್ಲೂಕಿನ ಪ್ರತಿ ತಾಯಿಗೂ ಇದೆ.